ವಿಶ್ವಸಂಸ್ಥೆಗೆ ದೂರು ಬರೆದರೆ ನಮಗೆ ತೊಂದರೆ ಆಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಊರು. ಕರಿಕಲ್ಲಿನ ಕೋರೆ, ಸಿಡಿಮದ್ದಿಗೆ ಬಿರುಕು ಬಿಟ್ಟ ಗೋಡೆ, ಕೆಸರಾದ ಬಾವಿ. ಪಂಚಾಯತು, ವಿಲ್ಲೇಜ್ ಆಫೀಸು, ವಿದ್ಯಾನಗರದ ಕಲೆಕ್ಟರೇಟು ಎಲ್ಲ ಸುತ್ತಿ ಆಗಿದೆ. ಈಗ ಯಾರೋ ‘ವಿಶ್ವಸಂಸ್ಥೆಗೆ ಬರೆಯಿರಿ’ ಅಂದಿದ್ದಾರೆ. ಬರೆದರೆ ಕೇಸು ಬೀಳುತ್ತಾ, ನಮ್ಮ ಹೆಸರು ಹೊರಗೆ ಬರುತ್ತಾ ಅಂತ ಕೇಳಿದ್ದೀರಿ.

ಬರೆಯುವುದು ಅಪರಾಧ ಅಂತ ಯಾವ ಕಾನೂನೂ ಹೇಳುವುದಿಲ್ಲ. ಹೆಸರು ಹೊರಗೆ ಬರುವ ಸಾಧ್ಯತೆ ಮಾತ್ರ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಈ ಎರಡನೆಯದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ. ಗುರುತು ಬಿಟ್ಟುಕೊಡುವ ತಪ್ಪು ನಾನೇ ಮಾಡಿದವನು.

ನಾನು ಎಣ್ಮಕಜೆ ಕಡೆಯವನು. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದ ಮಾಷ್ಟ್ರು. ನಮ್ಮ ಗುಡ್ಡೆಗಳ ಕತೆ ನಿಮಗೆ ಗೊತ್ತೇ ಇದೆ. ಸರಕಾರದ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. 2011ರ ಏಪ್ರಿಲಿನಲ್ಲಿ, ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಇರುವ ಜಿನೀವಾದಲ್ಲಿ, ವಿಷಕಾರಿ ರಾಸಾಯನಿಕಗಳ ಮೇಲಿನ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಆ ವಿಷವನ್ನು ನಿಷೇಧದ ಪಟ್ಟಿಗೆ ಹಾಕಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ದೇಶದಲ್ಲಿ ಅದಕ್ಕೆ ತಡೆ ಕೊಟ್ಟಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂದಿತು. ಹಾಗಾಗಿ ‘ಜಿನೀವಾಕ್ಕೆ ಹೋಗಿ ಏನು ಪ್ರಯೋಜನ’ ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ಪ್ರಯೋಜನ ಇದೆ. ಅದಕ್ಕೆ ಬೆಲೆ ಕೊಡುವವರು ಯಾರು ಅನ್ನುವುದೇ ನನ್ನ ತಕರಾರು.

ಕೆಲವು ವರ್ಷದ ಹಿಂದೆ ಹೊರಗಿನ ಒಂದು ತಂಡ ಬಂತು. ಜಿನೀವಾಕ್ಕೆ ಕಳಿಸುವ ವರದಿಗೆ ಹೇಳಿಕೆಗಳು ಬೇಕಿದ್ದವು. ನಮ್ಮ ಕಡೆಯ ಅಕ್ಕಂದಿರು ಮಾತಾಡುವುದು ತುಳು. ತಂಡದವರಿಗೆ ಬರುವುದು ಇಂಗ್ಲಿಷ್, ಸ್ವಲ್ಪ ಮಲಯಾಳ. ನಡುವೆ ನಾನು. ಎಂಟು ಮನೆಗೆ ಹೋದೆವು. ರಾತ್ರಿ ಕೂತು ಒಂದೊಂದೇ ಹೇಳಿಕೆಯನ್ನು ಇಂಗ್ಲಿಷಿಗೆ ತಂದೆ. ಹೆಸರು ಹಾಕಬೇಡಿ ಅಂದಿದ್ದರು, ಹಾಕಲಿಲ್ಲ. ಒಬ್ಬ ಅಕ್ಕನ ಹೆಸರಿನ ಜಾಗದಲ್ಲಿ ಮೊದಲ ಅಕ್ಷರ ಮಾತ್ರ ಇಟ್ಟೆ. ಭಾರೀ ಜಾಗ್ರತೆ ಮಾಡಿದ್ದೇನೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಆದರೆ ಹೇಳಿಕೆಯ ಒಳಗೆ ಏನಿತ್ತು? ವಾರ್ಡ್ ನಂಬ್ರ ಇತ್ತು. ಹಾಸಿಗೆ ಹಿಡಿದ ಇಬ್ಬರು ಗಂಡು ಮಕ್ಕಳು ಅಂತ ಇತ್ತು. ಭಜನಾ ಮಂದಿರದ ಕೆಳಗಿನ ಮನೆ ಅಂತಲೂ ಇತ್ತು. ಇನ್ನೊಂದು ಇತ್ತು. ಆ ಅಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಒಂದು ಕಟ್ಟು ಮುಗಿದ ಕೂಡಲೇ ಎದ್ದು ಒಳಗೆ ಹೋಗಿ ದೊಡ್ಡ ಮಗನ ಮಗ್ಗುಲು ಬದಲಿಸಿ ಬರುತ್ತಿದ್ದರು. ಎರಡನೇ ಕಟ್ಟಿಗೆ ಸಣ್ಣವನದು. ಮಕ್ಕಳ ಬೆನ್ನು ಹುಣ್ಣಾಗದ ಹಾಗೆ ಅವರು ಇಟ್ಟುಕೊಂಡ ಗಡಿಯಾರ ಅದು. ನನಗೆ ಅದು ಮನಸ್ಸಿಗೆ ತಾಗಿತು. ಅದನ್ನೂ ಬರೆದೆ. ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಬಂತು.

ಆರೇಳು ತಿಂಗಳಾದ ಮೇಲೆ ಇಬ್ಬರು ಜೀಪಿನಲ್ಲಿ ಬಂದರಂತೆ. ಯಾವ ಆಫೀಸಿನವರು ಅಂತ ಹೇಳಲಿಲ್ಲ. ಗದರಿಸಲೂ ಇಲ್ಲ. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದರು. ‘ಬೀಡಿ ಕಟ್ಟುತ್ತಾ ಮಕ್ಕಳ ಮಗ್ಗುಲು ಬದಲಿಸುವವರು ನೀವೇನಾ?’ ಅಂತ ಕೇಳಿದರು. ಹೊರದೇಶಕ್ಕೆ ಬರೆಸಿದವರು ಯಾರು ಅಂತ ಕೇಳಿದರು. ರೇಷನ್ ಕಾರ್ಡಿನ ಫೋಟೋ ತೆಗೆದು ಹೋದರು.

ಮರುದಿನ ಅಕ್ಕ ನಮ್ಮ ಮನೆಗೆ ಬಂದರು. ನಾನು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದೆ. ಮೇಲೆ ಬನ್ನಿ ಅಂದರೆ ಬರಲಿಲ್ಲ. ಅಂಗಳದಲ್ಲೇ ನಿಂತು, ‘ಮಾಷ್ಟ್ರೇ, ಪಟ್ಟಿಯಿಂದ ನಮ್ಮನ್ನು ತೆಗೆಯುತ್ತಾರಾ?’ ಅಂದರು. ಪಟ್ಟಿ ಅಂದರೆ ಸಂತ್ರಸ್ತರ ಪಟ್ಟಿ. ಆ ಮನೆಯ ಪಿಂಚಣಿ, ಮದ್ದು ಎಲ್ಲ ಅದರ ಮೇಲೇ ನಿಂತಿತ್ತು.

ತೆಗೆಯಲಿಲ್ಲ. ನಿಜ ಹೇಳಬೇಕೆಂದರೆ ಏನೂ ಆಗಲಿಲ್ಲ. ಆದರೆ ಆಮೇಲೆ ಯಾರು ಬಂದು ಕೇಳಿದರೂ ಅವರದ್ದು ಒಂದೇ ಮಾತು: ‘ಎಂಕ್ ಬೊಡ್ಚಿ.’ ನನಗೆ ಬೇಡ ಅಂತ. ಆ ಸಾಲಿನ ಇನ್ನೂ ಮೂರು ಮನೆಯವರು ಬಾಯಿ ಮುಚ್ಚಿದರು. ಆ ಜೀಪು ಬಂದ ಕೆಲಸ ಅಲ್ಲಿಗೆ ಮುಗಿದಿತ್ತು ಅಲ್ವಾ? ಇಂಥದ್ದಕ್ಕೆ ವಿಶ್ವಸಂಸ್ಥೆಯವರು ಪ್ರತೀಕಾರ, ಬೆದರಿಕೆ ಅಂತೆಲ್ಲ ಹೆಸರಿಟ್ಟಿದ್ದಾರೆ. ಅವರ ವಾರ್ಷಿಕ ವರದಿಗಳಲ್ಲೇ ಇದೆ, ಹೆದರಿ ತಾವಾಗಿಯೇ ಸುಮ್ಮನಾಗುವವರ ಸಂಗತಿ. ಹೀಗೆ ಸುಮ್ಮನಾದವರು ಲೆಕ್ಕಕ್ಕೆ ಸಿಗುವುದೂ ಕಷ್ಟ.

ಈಗ ಕಾಗದ ಹೋಗುವ ದಾರಿ ನೋಡಿ. ನಿಮ್ಮಂಥವರು ಬರೆಯಬಹುದಾದದ್ದು ಮುಖ್ಯವಾಗಿ ವಿಶೇಷ ವರದಿಗಾರರಿಗೆ, ಅಂದರೆ ಒಂದೊಂದು ವಿಷಯ ನೋಡಿಕೊಳ್ಳಲು ವಿಶ್ವಸಂಸ್ಥೆ ನೇಮಿಸಿದ ಸ್ವತಂತ್ರ ತಜ್ಞರಿಗೆ. ವಿಷಕಾರಿ ವಸ್ತುಗಳಿಗೆ ಒಬ್ಬರು, ಕುಡಿಯುವ ನೀರಿಗೆ ಒಬ್ಬರು, ಹಕ್ಕುಗಳಿಗಾಗಿ ಹೋರಾಡುವವರ ರಕ್ಷಣೆಗೇ ಒಬ್ಬರು ಇದ್ದಾರೆ. ಅವರಿಗೆ ಯಾರೂ ಬರೆಯಬಹುದು, ಮೊದಲು ಕೋರ್ಟಿಗೆ ಹೋಗಿರಬೇಕು ಅಂತಿಲ್ಲ. ದೂರು ಸರಿ ಕಂಡರೆ ಅವರು ಭಾರತ ಸರಕಾರಕ್ಕೆ ಒಂದು ಪತ್ರ ಬರೆಯುತ್ತಾರೆ. ಸಾಮಾನ್ಯವಾಗಿ 60 ದಿನ ಸಮಯ ಕೊಡುತ್ತಾರೆ. ಆಮೇಲೆ ಆ ಪತ್ರವೂ, ಸರಕಾರದಿಂದ ಉತ್ತರ ಬಂದಿದ್ದರೆ ಅದೂ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ.

ಇಲ್ಲಿ ಎರಡು ಹೆಸರುಗಳಿವೆ, ಜನ ಇವೆರಡನ್ನೂ ಕಲಸುತ್ತಾರೆ. ಮಾಹಿತಿ ಕೊಟ್ಟವರ ಹೆಸರನ್ನು ಅವರು ಗುಟ್ಟಾಗಿಡುತ್ತಾರೆ. ಆದರೆ ಅನ್ಯಾಯ ಆದವರ ಹೆಸರು ಸಾಮಾನ್ಯವಾಗಿ ಸರಕಾರಕ್ಕೆ ಹೋಗುವ ಪತ್ರದಲ್ಲಿ ಇರುತ್ತದೆ. ಇಲ್ಲದಿದ್ದರೆ ಸರಕಾರ ವಿಚಾರಿಸುವುದಾದರೂ ಯಾರನ್ನು? ಹೆಸರು ಬೇಡ ಅಂತಿದ್ದರೆ ದೂರಿನಲ್ಲೇ ಸ್ಪಷ್ಟವಾಗಿ ಬರೆಯಬೇಕು. ಸರಕಾರಕ್ಕೂ ಕೊಡಬೇಡಿ ಅಂತಲೋ, ವೆಬ್‌ಸೈಟಿನಲ್ಲಿ ಮಾತ್ರ ಬೇಡ ಅಂತಲೋ, ಅದನ್ನೂ ಬಿಡಿಸಿ ಹೇಳಬೇಕು.

ಆ ಪತ್ರ ಜಿನೀವಾದಲ್ಲಿರುವ ಭಾರತದ ಕಚೇರಿಗೆ ಹೋಗುತ್ತದೆ. ಅಲ್ಲಿಂದ ದೆಹಲಿ. ದೆಹಲಿಯವರಿಗೆ ನಿಮ್ಮ ಕೋರೆ ಎಲ್ಲಿದೆ ಅಂತ ಏನು ಗೊತ್ತು? ವರದಿ ಕೊಡಿ ಅಂತ ಕೆಳಗೆ ಕಳಿಸಿದರೆ ಅದು ತಿರುವನಂತಪುರ ದಾಟಿ, ವಿದ್ಯಾನಗರ ದಾಟಿ ಬರುವುದು ನಿಮ್ಮದೇ ವಿಲ್ಲೇಜ್ ಆಫೀಸಿಗೆ. ಅಲ್ಲಿ ಕೂತವರಿಗೆ ನಿಮ್ಮ ಮನೆ ಹೆಸರು ಗೊತ್ತು, ಎಷ್ಟು ಸೆಂಟ್ಸ್ ಜಾಗ ಅಂತಲೂ ಗೊತ್ತು. ಕೋರೆಯವರು ಚಾ ಕುಡಿಯುವುದೂ ಅದೇ ಪೇಟೆಯಲ್ಲಿ. ನಮ್ಮ ಊರುಗಳಲ್ಲಿ ಮೊದಲಕ್ಷರ ಹಾಕಿ ಗುಟ್ಟು ಕಾಯಲು ಆಗುವುದಿಲ್ಲ. ಕಾಯಿಲೆ, ಕೆಲಸ, ಮನೆಯ ಹತ್ತಿರದ ಗುರುತು, ಇವು ಮೂರು ಸೇರಿದರೆ ಹೆಸರು ಬರೆದ ಹಾಗೆಯೇ.

ಇನ್ನು ದೊಡ್ಡ ಪ್ರಕರಣಗಳು. ಚೀನಾದ ತ್ಸಾವ್ ಶುನ್‌ಲಿ ಅನ್ನುವ ಮಾನವ ಹಕ್ಕು ಹೋರಾಟಗಾರ್ತಿ 2013ರ ಸೆಪ್ಟೆಂಬರ್ 14ರಂದು ಜಿನೀವಾಕ್ಕೆ ಹೊರಟಿದ್ದರು. ಬೀಜಿಂಗ್ ವಿಮಾನ ನಿಲ್ದಾಣದಲ್ಲೇ ಹಿಡಿದರು. ಬಂಧನದಲ್ಲಿ ಆರೋಗ್ಯ ಕೆಟ್ಟು ಸರಿಯಾಗಿ ಆರು ತಿಂಗಳಿಗೆ, 2014ರ ಮಾರ್ಚ್ 14ರಂದು ತೀರಿಕೊಂಡರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಅವರಿಗಾಗಿ ಮೌನ ಆಚರಿಸಲು ಹೊರಟರೆ ಚೀನಾದ ಪ್ರತಿನಿಧಿ ಅದಕ್ಕೂ ಆಕ್ಷೇಪ ಎತ್ತಿದರು. ಮೌನಕ್ಕೂ ಆಕ್ಷೇಪ!

ನಮ್ಮಲ್ಲಿ ಇಲ್ಲವಾ? ಇದೆ. ಕಾಶ್ಮೀರದ ಮಾನವ ಹಕ್ಕು ಹೋರಾಟಗಾರ ಖುರ್ರಂ ಪರ್ವೇಜ್ ಅವರನ್ನು 2016ರ ಸೆಪ್ಟೆಂಬರಿನಲ್ಲಿ ಮಂಡಳಿಯ ಸಭೆಗೆ ಹೋಗುವಾಗ ದೆಹಲಿಯಲ್ಲಿ ತಡೆದರು, ಊರಿಗೆ ಮರಳಿದ ಮೇಲೆ ಬಂಧಿಸಿದರು. ನವೆಂಬರಿನಲ್ಲಿ ಹೈಕೋರ್ಟು ಆ ಬಂಧನವನ್ನು ರದ್ದು ಮಾಡಿತು. 2021ರ ನವೆಂಬರಿನಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಹಾಕಿ ಮತ್ತೆ ಹಿಡಿದರು. ನಿಮ್ಮ ವಿಷಯಕ್ಕೆ ಹತ್ತಿರದ್ದು ಬೇಕಾದರೆ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಪ್ರಿಯಾ ಪಿಳ್ಳೈ. ಮಧ್ಯಪ್ರದೇಶದ ಮಹಾನ್ ಕಾಡಿನ ಕಲ್ಲಿದ್ದಲು ಗಣಿಯ ಬಗ್ಗೆ ಬ್ರಿಟನ್ನಿನ ಸಂಸದರ ಮುಂದೆ ಮಾತಾಡಲು ಹೊರಟವರನ್ನು 2015ರ ಜನವರಿಯಲ್ಲಿ ವಿಮಾನ ಹತ್ತಲು ಬಿಡಲಿಲ್ಲ. ಅದು ತಪ್ಪು ಅಂತ ದೆಹಲಿ ಹೈಕೋರ್ಟು ಮಾರ್ಚಿನಲ್ಲೇ ಹೇಳಿತು.

ಪಕ್ಕದ ತಮಿಳುನಾಡಿನದ್ದು ಇನ್ನೂ ವಿಚಿತ್ರ. ಮದುರೆಯ ಪೀಪಲ್ಸ್ ವಾಚ್ ಅನ್ನುವ ಮಾನವ ಹಕ್ಕು ಸಂಸ್ಥೆಯ ವಿದೇಶಿ ದೇಣಿಗೆಯ ಪರವಾನಗಿಯನ್ನು 2016ರಲ್ಲಿ ನವೀಕರಿಸಲಿಲ್ಲ. ಕೇಸು ಕೋರ್ಟಿಗೆ ಹೋದಾಗ ಗೃಹ ಸಚಿವಾಲಯ ಕೊಟ್ಟ ಉತ್ತರದಲ್ಲಿ, ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ ಮಾಹಿತಿ ಕೊಟ್ಟದ್ದೂ ಒಂದು ಕಾರಣವಾಗಿ ಬಂತು. ಸಾಮಾನ್ಯವಾಗಿ ಇಂಥದ್ದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಇಲ್ಲಿ ಕಾಗದದ ಮೇಲೆಯೇ ಇದೆ.

ಇದರಿಂದ ನಿಮಗೆ ಒಂದು ಪಾಠ: ದುಡ್ಡು ಮುಟ್ಟಬೇಡಿ. ‘ದಾಖಲೆ ಮಾಡಲು ಸ್ವಲ್ಪ ಖರ್ಚು ಕಳಿಸುತ್ತೇವೆ’ ಅಂತ ಹೊರಗಿನ ಸಂಸ್ಥೆ ಹೇಳಬಹುದು. ನಿಮ್ಮ ಕ್ರಿಯಾ ಸಮಿತಿಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಸಂಸ್ಥೆ ಕೂಡ ಆ ದುಡ್ಡನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಫೋಟೋಸ್ಟಾಟ್ ಖರ್ಚನ್ನೂ ಊರಿನಲ್ಲೇ ಹತ್ತು ಹತ್ತು ರೂಪಾಯಿ ಎತ್ತಿ ಮಾಡಿ, ಲೆಕ್ಕ ಬರೆದಿಡಿ.

ಜೀಪು ಬಂದರೆ ಏನು ಮಾಡಬೇಕು? ಗುರುತಿನ ಕಾರ್ಡು ಕೇಳಿ. ಕೊಡದಿದ್ದರೆ ಗಾಡಿ ನಂಬ್ರ ಬರೆದುಕೊಳ್ಳಿ. ತಾರೀಕು, ಗಂಟೆ, ಆಡಿದ ಮಾತು ಆಡಿದ ಹಾಗೆಯೇ ಆ ದಿನವೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸ್ಟೇಷನ್ನಿಗೆ ಬನ್ನಿ ಅಂತ ಫೋನ್ ಬಂದರೆ ಲಿಖಿತ ನೋಟಿಸ್ ಕೇಳಿ. ಹೆಂಗಸರು, 60 ದಾಟಿದವರು, ಅಂಗವಿಕಲರು ಸಾಕ್ಷಿ ಹೇಳಲು ಸ್ಟೇಷನ್ನಿಗೆ ಹೋಗಬೇಕಾಗಿಲ್ಲ, ಅವರ ಮನೆಗೇ ಬಂದು ಕೇಳಬೇಕು. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಲ್ಲಿ ಇದೆ. ನೋಟಿಸ್ ಮಲಯಾಳದಲ್ಲಿದ್ದು ಓದಲು ಬಾರದಿದ್ದರೆ ಸುಮ್ನೆ ಸಹಿ ಹಾಕಬೇಡಿ. ಕನ್ನಡದವರು ಕನ್ನಡದಲ್ಲೇ ಸರಕಾರದೊಂದಿಗೆ ವ್ಯವಹರಿಸಲು ಕೇರಳದ ಭಾಷಾ ಕಾಯ್ದೆಯಲ್ಲೇ ಅವಕಾಶ ಇದೆ. ‘ಕನ್ನಡದಲ್ಲಿ ಕೊಡಿ’ ಅಂತ ಆ ಕಾಗದದ ಮೇಲೆಯೇ ಬರೆಯಿರಿ. ಕೊಡುತ್ತಾರೋ ಬಿಡುತ್ತಾರೋ, ಕೇಳಿದ್ದು ದಾಖಲೆ ಆಯಿತು.

ಪ್ರತೀಕಾರದ ಬಗ್ಗೆಯೇ ವಿಶ್ವಸಂಸ್ಥೆಗೆ ಬರೆಯಬಹುದು. ಮಂಡಳಿಯ 2009ರ ನಿರ್ಣಯದ ಮೇಲೆ ಮಹಾ ಕಾರ್ಯದರ್ಶಿ ಪ್ರತಿ ವರ್ಷ ವರದಿ ಕೊಡುತ್ತಾರೆ, ಯಾವ ದೇಶದಲ್ಲಿ ಯಾರಿಗೆ ಏನಾಯಿತು ಅಂತ. ಭಾರತದ ಹೆಸರು ಅದರಲ್ಲಿ ಮತ್ತೆ ಮತ್ತೆ ಬಂದಿದೆ. 2016ರಿಂದ ಇದನ್ನು ನೋಡಿಕೊಳ್ಳಲು ಒಬ್ಬ ಹಿರಿಯ ಅಧಿಕಾರಿಯೂ ಇದ್ದಾರೆ. ಮಾನವ ಹಕ್ಕು ಹೋರಾಟಗಾರರ ಬಗ್ಗೆ ವಿಶ್ವಸಂಸ್ಥೆ ಹೊರಡಿಸಿದ 1998ರ ಘೋಷಣೆಯಲ್ಲಿ, ಅಂತಾರಾಷ್ಟ್ರೀಯ ಸಂಸ್ಥೆಗಳನ್ನು ಅಡ್ಡಿಯಿಲ್ಲದೆ ಸಂಪರ್ಕಿಸುವ ಹಕ್ಕು ಎಲ್ಲರಿಗೂ ಇದೆ ಅಂತ ಬರೆದಿದ್ದಾರೆ. ಆದರೆ ಅದು ಘೋಷಣೆ, ಕಾಯ್ದೆ ಅಲ್ಲ. ಅವರ ವರದಿ ನಿಮ್ಮ ಅಂಗಳಕ್ಕೆ ಬಂದ ಜೀಪನ್ನು ತಡೆಯುವುದಿಲ್ಲ. ಎರಡನೇ ಸಲ ಬರುವವನು ಸ್ವಲ್ಪ ಯೋಚಿಸುವ ಹಾಗೆ ಮಾಡಬಹುದು, ಅಷ್ಟೆ. ದೆಹಲಿಯ ಮಾನವ ಹಕ್ಕುಗಳ ಆಯೋಗದಲ್ಲೂ ಇಂಥ ದೂರುಗಳಿಗೆಂದೇ ಒಬ್ಬ ಅಧಿಕಾರಿ ಇದ್ದಾರೆ, ಅಲ್ಲಿಗೂ ಒಂದು ಪ್ರತಿ ಹಾಕಿ. ಆ ಆಯೋಗದ ಮೇಲೆ ನನಗೆ ದೊಡ್ಡ ಭರವಸೆ ಇಲ್ಲ. ಅದರ ಮಾನ್ಯತೆಯನ್ನು ನವೀಕರಿಸುವುದನ್ನೇ, ಇಂಥ ಆಯೋಗಗಳನ್ನು ಪರಿಶೀಲಿಸುವ ಅಂತಾರಾಷ್ಟ್ರೀಯ ಸಮಿತಿ 2023ರಲ್ಲಿ, 2024ರಲ್ಲಿ ಎರಡು ಸಲ ಮುಂದೂಡಿತು. ಆದರೂ ಸ್ವೀಕೃತಿ ನಂಬ್ರ ಸಿಗುತ್ತದೆ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ನೀವು ನಾಲ್ಕೈದು ಜನ ಸೇರಿ ಪ್ರತಿ ಮನೆಗೂ ಹೋಗಿ. ಗಂಡಸರನ್ನು ಮಾತ್ರ ಕೇಳಿ ಬರಬೇಡಿ. ಬರೆದದ್ದನ್ನು ಅವರ ಭಾಷೆಯಲ್ಲಿ ಓದಿ ಹೇಳಿ. ‘ಈ ಕಾಗದ ಒಂದು ದಿನ ವಿಲ್ಲೇಜ್ ಆಫೀಸಿಗೆ ಬರುತ್ತದೆ, ಆಗ ಇದನ್ನು ನೀವೇ ಹೇಳಿದ್ದು ಅಂತ ಗೊತ್ತಾದರೆ ಅಡ್ಡಿ ಇಲ್ಲವಾ?’ ಅಂತ ನೇರ ಕೇಳಿ. ಬೇಡ ಅಂದರೆ ಆ ಮನೆಯನ್ನು ಬಿಟ್ಟುಬಿಡಿ, ಅವರ ಕತೆ ಎಷ್ಟೇ ಒಳ್ಳೆಯದಿರಲಿ. ನಾನು ಎಂಟು ಮನೆಯಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ. ‘ಹೆಸರು ಹಾಕುವುದಿಲ್ಲ ಅಕ್ಕಾ, ಹೆದರಬೇಡಿ’ ಅಂತ ಮಾತ್ರ ಹೇಳಿದ್ದೆ.

ಕನ್ನಡ ಜಿನೀವಾದಲ್ಲಿ ನಡೆಯುವುದಿಲ್ಲ, ಇಂಗ್ಲಿಷಿಗೆ ಮಾಡಿಸಬೇಕು. ಬೇಕಾದರೆ ನಾನು ಮಾಡಿಕೊಡುತ್ತೇನೆ, ಇಲ್ಲೇ ಸಂದೇಶ ಹಾಕಿ. ಆದರೆ ಕರಡು ಕಳಿಸುವಾಗ ಮನೆ ಹೆಸರು, ವಾರ್ಡ್ ನಂಬ್ರ ತೆಗೆದು ಕಳಿಸಿ. ನನಗೂ ಅದು ಗೊತ್ತಾಗುವುದು ಬೇಡ.