ನೆದರೈಟ್ ತೊಟ್ಟವರೂ ಕ್ರೀಪರ್‌ಗೆ ಯಾಕೆ ಸಾಯುತ್ತಾರೆ?

ಮೈನ್‌ಕ್ರಾಫ್ಟ್ ಗೇಮ್‌ನ ಆರ್ಮರ್ (ಮೈಗೆ ತೊಡುವ ಕವಚ) ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಒಮ್ಮೆಗೇ ಉದ್ದಕ್ಕೆ ಬರೆದುಬಿಡುತ್ತೇನೆ. ಹೆಲ್ಮೆಟ್ ಮಾಡುವುದು ಹೇಗೆ, ಡೈಮಂಡ್ ಎಲ್ಲಿ ಅಗೆಯಬೇಕು ಎಂಬುದನ್ನೆಲ್ಲ ನನ್ನಿಂದ ನಿರೀಕ್ಷಿಸಬೇಡಿ. ಲೆಕ್ಕಗಳೆಲ್ಲ ಜಾವಾ ಆವೃತ್ತಿಯವು, ನಾರ್ಮಲ್ ಡಿಫಿಕಲ್ಟಿಯವು. ಹೊಸಬರಿಗೆ ಇಷ್ಟು: ನೆದರೈಟ್ ಅಂದರೆ ಡೈಮಂಡ್ ಆರ್ಮರ್‌ಗೂ ಮೇಲಿನ ಮೆಟ್ಟಿಲು, ಕ್ರೀಪರ್ ಅಂದರೆ ಹತ್ತಿರ ಬಂದು ಸಿಡಿಯುವ ಜೀವಿ, ಎನ್‌ಚಾಂಟ್ ಅಂದರೆ ಆರ್ಮರ್‌ಗೆ ಸೇರಿಸುವ ಮಂತ್ರಶಕ್ತಿ.

ಪ್ರಶ್ನೆ: ತಿಂಗಳುಗಟ್ಟಲೆ ಒದ್ದಾಡಿ ನಾಲ್ಕೂ ಪೀಸ್ ನೆದರೈಟ್ ಮಾಡಿಕೊಂಡೆ ಸರ್. ಹಿಂದಿನಿಂದ ಬಂದ ಒಂದೇ ಒಂದು ಕ್ರೀಪರ್‌ಗೆ ಸತ್ತೆ. ಗೇಮ್‌ನಲ್ಲೇ ಬಗ್ ಇದೆಯಾ? ಎನ್‌ಚಾಂಟ್ ಇನ್ನೂ ಮಾಡಿರಲಿಲ್ಲ. ಡೈಮಂಡಿಗೆ ಎನ್‌ಚಾಂಟ್ ಮಾಡಿದರೆ ನೆದರೈಟ್ ಆಗುವಾಗ ಅಳಿಸಿಹೋಗುತ್ತೆ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು.

ಬಗ್ ಇಲ್ಲ. ನಿಮ್ಮನ್ನು ಕೊಂದಿದ್ದು ಅರ್ಧ ಕ್ರೀಪರ್, ಅರ್ಧ ಆ ವಿಡಿಯೋ.

ಪೂರ್ತಿ ಡೈಮಂಡ್ ಸೆಟ್‌ಗೆ ಆರ್ಮರ್ ಪಾಯಿಂಟ್ 20. ನೆದರೈಟ್‌ಗೂ 20. ಒಂದು ಪಾಯಿಂಟ್ ಪೆಟ್ಟಿನ ಶೇ 4ರಷ್ಟನ್ನು ತಡೆಯುತ್ತದೆ, ಹಾಗಾಗಿ 20 ಅಂದರೆ ಶೇ 80. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿರುತ್ತೀರಿ. ಮರೆಯುವುದು ಮುಂದಿನದನ್ನು: ಪೆಟ್ಟು ದೊಡ್ಡದಾದಷ್ಟೂ ಆ ಶೇ 80 ಕುಸಿಯುತ್ತಾ ಹೋಗುತ್ತದೆ. ಕುಸಿತವನ್ನು ಹಿಡಿದು ನಿಲ್ಲಿಸುವುದು ಟಫ್‌ನೆಸ್. ಐರನ್‌ಗೆ ಅದು ಸೊನ್ನೆ, ಡೈಮಂಡ್ ಸೆಟ್‌ಗೆ 8, ನೆದರೈಟ್ ಸೆಟ್‌ಗೆ 12. ಬಾಳಿಕೆ ಒಂಚೂರು ಹೆಚ್ಚು, ಪೆಟ್ಟು ಬಿದ್ದಾಗ ಹಿಂದಕ್ಕೆ ತಳ್ಳಿಸಿಕೊಳ್ಳುವುದು ಒಂಚೂರು ಕಡಿಮೆ, ಅದು ಬೇರೆ. ಆದರೆ ರಕ್ಷಣೆ ಅಂತ ನೀವು ಹೊಸದಾಗಿ ಸಂಪಾದಿಸಿದ್ದು ಆ ನಾಲ್ಕು ಪಾಯಿಂಟ್ ಟಫ್‌ನೆಸ್ ಮಾತ್ರ.

ಈಗ ನಿಮ್ಮ ಸಾವಿನ ಲೆಕ್ಕಕ್ಕೆ ಬರೋಣ. ಮೈಗೆ ಅಂಟಿಕೊಂಡು ಸಿಡಿದ ಕ್ರೀಪರ್‌ನ ಪೆಟ್ಟು 43. ನಿಮ್ಮ ಜೀವ 20, ಅಂದರೆ ಹತ್ತು ಹಾರ್ಟ್. 43ನ್ನು ನಾಲ್ಕರಿಂದ ಗುಣಿಸಿದರೆ 172. ಟಫ್‌ನೆಸ್ 12ಕ್ಕೆ 8 ಕೂಡಿಸಿ ಬರುವ 20ರಿಂದ ಭಾಗಿಸಿದರೆ 8.6. ನಿಮ್ಮ 20 ಆರ್ಮರ್ ಪಾಯಿಂಟಿನಿಂದ ಅಷ್ಟು ಕಳೆದರೆ ಉಳಿಯುವುದು 11.4. ಅದು ತಡೆಯುವುದು ಶೇ 45.6 ಮಾತ್ರ. ಉಳಿದ 23.4 ನಿಮ್ಮ ಮೈಮೇಲೆ. ಇದ್ದ ಜೀವ 20. ಮುಗಿಯಿತು.

ಡೈಮಂಡ್ ತೊಟ್ಟಿದ್ದರೆ 27ರಷ್ಟು ಬೀಳುತ್ತಿತ್ತು. ಅಲ್ಲಿಗೂ ಸಾವೇ, ಸ್ವಲ್ಪ ಹೆಚ್ಚು ಸತ್ತಿರುತ್ತಿದ್ದಿರಿ ಅಷ್ಟೆ.

ಇದಕ್ಕೇ ಪ್ರೊಟೆಕ್ಷನ್ 4 ಎಂಬ ಎನ್‌ಚಾಂಟ್ ಸೇರಿಸಿ. ಅದು ಆರ್ಮರ್ ತನ್ನ ಕೆಲಸ ಮುಗಿಸಿದ ಮೇಲೆ ಉಳಿದ ಪೆಟ್ಟಿಗೆ ಕತ್ತರಿ ಹಾಕುತ್ತದೆ: ಒಂದು ಪೀಸ್‌ಗೆ ಶೇ 16, ನಾಲ್ಕಕ್ಕೂ ಸೇರಿ ಶೇ 64. ಆಗ ಅದೇ ಕ್ರೀಪರ್ ನೆದರೈಟ್‌ನವರಿಗೆ ಕೊಡುವ ಪೆಟ್ಟು 8.4, ಡೈಮಂಡ್‌ನವರಿಗೆ 9.8. ಬಡಪಾಯಿ ಐರನ್‌ನವರಿಗೆ? 13.6. ಹೌದು, ನಾಲ್ಕಕ್ಕೂ ಪ್ರೊಟೆಕ್ಷನ್ 4 ಇರುವ ಕಬ್ಬಿಣದ ಸೆಟ್ ತೊಟ್ಟವನು ಮೂರು ಹಾರ್ಟ್ ಉಳಿಸಿಕೊಂಡು ಮನೆಗೆ ನಡೆದು ಹೋಗುತ್ತಾನೆ. ಬರಿಯ ನೆದರೈಟ್ ತೊಟ್ಟ ನೀವು ಸತ್ತು ಬೆಡ್‌ನಲ್ಲಿ ಮತ್ತೆ ಕಣ್ಣು ಬಿಡುತ್ತೀರಿ.

ಸಣ್ಣ ಪೆಟ್ಟಿಗಾದರೂ ನೆದರೈಟ್ ಮೇಲು ಅನ್ನೋಣವೆಂದರೆ ಅದೂ ಇಲ್ಲ. ಜೋಂಬಿಯ 3ರ ಪೆಟ್ಟು ಡೈಮಂಡ್‌ನಲ್ಲಿ 0.69, ನೆದರೈಟ್‌ನಲ್ಲಿ 0.67.

ಇನ್ನು ಖರ್ಚು ನೋಡಿ. ಡೈಮಂಡ್ ಸೆಟ್‌ಗೇ 24 ಡೈಮಂಡ್ ಹೋಗಿರುತ್ತದೆ. 2023ರಲ್ಲಿ ಬಂದ 1.20 ಆವೃತ್ತಿಯಿಂದ ಒಂದೊಂದು ಪೀಸ್ ನೆದರೈಟ್ ಮಾಡಲೂ ಒಂದೊಂದು ಸ್ಮಿದಿಂಗ್ ಟೆಂಪ್ಲೇಟ್ (ಅಚ್ಚು) ಬೇಕು. ನೆದರ್ ಎಂಬ ಬೆಂಕಿ ಲೋಕದ ಪಾಳುಕೋಟೆ ಬ್ಯಾಸ್ಟಿಯನ್‌ನಲ್ಲಿ ಒಂದೇ ಸಿಕ್ಕಿತೆಂದರೆ ಉಳಿದ ಮೂರನ್ನು ನಕಲು ಮಾಡಬೇಕು, ನಕಲೊಂದಕ್ಕೆ 7 ಡೈಮಂಡ್. ಅಲ್ಲಿಗೆ ಇನ್ನೂ 21. ಇದರ ಮೇಲೆ 16 ಏನ್ಷಿಯಂಟ್ ಡೆಬ್ರಿ (ನೆದರೈಟಿನ ಅದಿರು), 16 ಚಿನ್ನದ ಇಂಗಾಟ್ (ಗಟ್ಟಿ). ಟೆಂಪ್ಲೇಟ್ ಮಾತೇ ಎತ್ತದ ವಿಡಿಯೋ ನೋಡುತ್ತಿದ್ದರೆ ಅದು ಹಳೆಯದು, ಮುಚ್ಚಿಬಿಡಿ.

ಎನ್‌ಚಾಂಟ್ ಅಳಿಸಿಹೋಗುತ್ತದೆ ಎಂಬುದು ಶುದ್ಧ ಸುಳ್ಳು. ಸ್ಮಿದಿಂಗ್ ಟೇಬಲ್‌ನಲ್ಲಿ ಡೈಮಂಡ್ ಪೀಸ್ ನೆದರೈಟ್ ಆಗುವಾಗ ಎನ್‌ಚಾಂಟ್ ಇದ್ದ ಹಾಗೇ ಇರುತ್ತದೆ, ಅನುಭವದ ಒಂದು ಲೆವೆಲ್ಲೂ ಖರ್ಚಾಗುವುದಿಲ್ಲ. ಹಾಗಾಗಿ ಮೊದಲು ಡೈಮಂಡಿಗೇ ಪ್ರೊಟೆಕ್ಷನ್ 4, ಬಾಳಿಕೆ ಹೆಚ್ಚಿಸುವ ಅನ್‌ಬ್ರೇಕಿಂಗ್ 3, ಸವೆದದ್ದನ್ನು ದುರಸ್ತಿ ಮಾಡುವ ಮೆಂಡಿಂಗ್ ಹಾಕಿ ಮುಗಿಸಿ. ಮೆಂಡಿಂಗ್ ಎನ್‌ಚಾಂಟಿಂಗ್ ಟೇಬಲ್‌ನಲ್ಲಿ ಬರುವುದಿಲ್ಲ, ಲೈಬ್ರೇರಿಯನ್ ಹಳ್ಳಿಗನ ಹತ್ತಿರ ಚೌಕಾಸಿ ಮಾಡಿ. ಆಮೇಲೆ ನಿಧಾನಕ್ಕೆ ಒಂದೊಂದೇ ಪೀಸ್ ನೆದರೈಟ್ ಮಾಡಿ.

ಮೊದಲು ಯಾವ ಪೀಸ್? ಎಲ್ಲರೂ ಚೆಸ್ಟ್‌ಪ್ಲೇಟ್‌ಗೇ ಕೈ ಹಾಕುತ್ತಾರೆ. ಯಾವ ಪೀಸ್ ಆದರೂ ಟಫ್‌ನೆಸ್ ಏರುವುದು ಒಂದೇ ಪಾಯಿಂಟ್. ನಾಳೆ ಎಲಿಟ್ರಾ ಎಂಬ ರೆಕ್ಕೆ ಸಿಕ್ಕಿ ಹಾರಲು ಹೊರಟಾಗ ಬಿಚ್ಚಿಡುವುದು ಚೆಸ್ಟ್‌ಪ್ಲೇಟನ್ನೇ. ನಾನಾದರೆ ಲೆಗಿಂಗ್ಸ್‌ನಿಂದ ಶುರು ಮಾಡುತ್ತೇನೆ, ಚೆಸ್ಟ್‌ಪ್ಲೇಟ್ ಕೊನೆಗೆ.

ಡೆಬ್ರಿ ಹುಡುಕಲು ನೆದರ್‌ನಲ್ಲಿ ಬೆಡ್ ಸಿಡಿಸುವ ಉಪಾಯ (ಅಲ್ಲಿ ಮಲಗಲು ಹೋದರೆ ಬೆಡ್ ಸಿಡಿಯುತ್ತದೆ) ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಕ್ರೀಪರ್‌ಗಿಂತ ದೊಡ್ಡ ಸ್ಫೋಟ, ಜೊತೆಗೆ ಬೆಂಕಿ ಬೇರೆ. ನಡುವೆ ಒಂದು ಕಲ್ಲು ಇಡದೆ ನಾನು ಬೆಡ್ ಮುಟ್ಟುವುದಿಲ್ಲ. ಗೆಳೆಯರು ಪುಕ್ಕಲ ಅನ್ನುತ್ತಾರೆ, ಅನ್ನಲಿ.

ಶೀಲ್ಡ್ ಬಗ್ಗೆಯೂ ಒಂದು ಮಾತು. ಆರು ಹಲಗೆ, ಒಂದು ಐರನ್ ಇಂಗಾಟ್, ಇಷ್ಟರಲ್ಲೇ ಆಗುವ ಶೀಲ್ಡ್ ಎದುರಿಗೆ ಸಿಡಿದ ಕ್ರೀಪರ್‌ನ ಪೆಟ್ಟನ್ನು ಪೂರ್ತಿ ತಡೆಯುತ್ತದೆ. ನಿಮ್ಮದು ಹಿಂದಿನಿಂದ ಬಂತು, ಆ ದಿನಕ್ಕೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಆದರೂ ಎಡಗೈ ಖಾಲಿ ಬಿಟ್ಟುಕೊಂಡು ಓಡಾಡಬೇಡಿ.

ಪ್ರಶ್ನೆ: ಆನ್ವಿಲ್ ‘ಟೂ ಎಕ್ಸ್‌ಪೆನ್ಸಿವ್’ ಅನ್ನುತ್ತಿದೆ. ಲೆವೆಲ್ ಬೇಕಾದಷ್ಟಿದೆ.

ಲೆವೆಲ್ ಸಾವಿರ ಇದ್ದರೂ ಅಷ್ಟೆ. ಬೆಲೆ 40 ಲೆವೆಲ್ ಮುಟ್ಟಿದರೆ ಸರ್ವೈವಲ್‌ನಲ್ಲಿ (ಮಾಮೂಲಿ ಆಟದಲ್ಲಿ) ಆನ್ವಿಲ್, ಅಂದರೆ ಎನ್‌ಚಾಂಟ್ ಸೇರಿಸುವ ಅಡಿಗಲ್ಲು, ಕೈಚೆಲ್ಲುತ್ತದೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ಅದರ ಮೇಲಿಟ್ಟರೆ ದಂಡ 1, 3, 7, 15, 31 ಹೀಗೆ ಏರುತ್ತದೆ. ನಾನೂ ಎಡವಿದವನೇ. ಒಳ್ಳೆಯ ಬೂಟಿಗೆ ಐದು ಎನ್‌ಚಾಂಟ್ ಪುಸ್ತಕ ಒಂದೊಂದಾಗಿ ಹಾಕಿ, ಆರನೆಯದಾಗಿ ಸೋಲ್ ಸ್ಪೀಡ್ 3 ಇಟ್ಟೆ. ದಂಡ 31, ಪುಸ್ತಕದ್ದು 12, ಒಟ್ಟು 43. ಆ ಪುಸ್ತಕ ಇವತ್ತಿಗೂ ಪೆಟ್ಟಿಗೆಯಲ್ಲಿ ಕೂತಿದೆ. ಮೊದಲು ಪುಸ್ತಕಕ್ಕೆ ಪುಸ್ತಕ ಸೇರಿಸಿ ಮೂರು ಜೋಡಿ ಮಾಡಿಕೊಳ್ಳಿ, ಆಮೇಲೆ ಮೂರೇ ಸಲ ಬೂಟಿಗೆ ಹಾಕಿ.

ಪ್ರಶ್ನೆ: ಒಂದೇ ಪೀಸ್‌ಗೆ ಪ್ರೊಟೆಕ್ಷನ್, ಬ್ಲಾಸ್ಟ್ ಪ್ರೊಟೆಕ್ಷನ್ ಎರಡೂ ಹಾಕಬಹುದಾ?

ಸರ್ವೈವಲ್‌ನಲ್ಲಿ ಆಗುವುದಿಲ್ಲ. ಮೂರು ಪೀಸ್‌ಗೆ ಪ್ರೊಟೆಕ್ಷನ್ 4, ಒಂದಕ್ಕೆ ಬ್ಲಾಸ್ಟ್ ಪ್ರೊಟೆಕ್ಷನ್ 4 ಹಾಕಿದರೆ ಸ್ಫೋಟಕ್ಕೆ ಶೇ 80 ಕಡಿತ ಸಿಗುತ್ತದೆ, ಉಳಿದೆಲ್ಲ ಪೆಟ್ಟಿಗೆ 64 ಇದ್ದದ್ದು 48ಕ್ಕೆ ಇಳಿಯುತ್ತದೆ. ದಿನಾ ಬೆಡ್ ಸಿಡಿಸುವವರಿಗೆ ಸರಿ, ಉಳಿದವರಿಗೆ ಬೇಡ.

ಪ್ರಶ್ನೆ: ಪ್ರೊಟೆಕ್ಷನ್ 255 ಕೊಡುವ ಫೈಲ್ ಸಿಕ್ಕಿದೆ, ಹಾಕಿಕೊಳ್ಳಲಾ?

ಗೊತ್ತುಗುರಿಯಿಲ್ಲದ ಫೈಲ್ ತೆರೆಯಬೇಡಿ. ಆಟದ ಆಸೆಗೆ ಕಂಪ್ಯೂಟರನ್ನೇ ಕಳ್ಳರ ಕೈಗೆ ಕೊಟ್ಟವರನ್ನು ನೋಡಿದ್ದೇನೆ. ಅದೂ ಅಲ್ಲದೆ, ಈ ಎನ್‌ಚಾಂಟ್‌ಗಳೆಲ್ಲ ಸೇರಿ ಕಡಿಮೆ ಮಾಡುವುದಕ್ಕೆ ಶೇ 80ರ ಮಿತಿ ಇದೆ. 255 ಅಂತ ಬರೆದುಕೊಂಡರೂ ಅದನ್ನು ದಾಟುವುದಿಲ್ಲ.

ಪ್ರಶ್ನೆ: ನೆದರೈಟ್ ತೊಟ್ಟು ಲಾವಾದಲ್ಲಿ ಈಜಬಹುದಂತೆ?

ಲಾವಾದಲ್ಲಿ ಸುಡದೆ ಉಳಿಯುವುದು ಆರ್ಮರ್, ನೀವಲ್ಲ.

ಪ್ರಶ್ನೆ: ಆರ್ಮರ್ ಟ್ರಿಮ್ ಹಾಕಿದರೆ ಶಕ್ತಿ ಹೆಚ್ಚುತ್ತಾ?

ಇಲ್ಲ. ಬರೀ ಅಂದ.

ಪ್ರಶ್ನೆ: ವಾರ್ಡನ್ ಜೊತೆ ಹೊಡೆದಾಡಲು ಯಾವ ಸೆಟ್ ಒಳ್ಳೆಯದು?

ಯಾವುದೂ ಅಲ್ಲ. ಸದ್ದು ಹಿಡಿದು ಬರುವ ಆ ಕುರುಡು ರಾಕ್ಷಸನ ಸೋನಿಕ್ ಬೂಮ್ (ಶಬ್ದದ ಪೆಟ್ಟು) ಆರ್ಮರನ್ನೂ ಶೀಲ್ಡನ್ನೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದಿರುವ ಡೀಪ್ ಡಾರ್ಕ್‌ಗೆ ಹೋಗಲೇಬೇಕಿದ್ದರೆ ಉಣ್ಣೆಯ ಬ್ಲಾಕ್ ಒಯ್ದು, ಹಾಸಿಕೊಂಡು ಅದರ ಮೇಲೇ ನಡೆಯಿರಿ. ಹೆಜ್ಜೆ ಸದ್ದು ವಾರ್ಡನ್‌ಗೆ ಮುಟ್ಟುವುದಿಲ್ಲ.