‘ಬ್ಯಾಂಕಿನ ಲೀಗಲ್ ಆಗಿದೆ’ ಅಂದರೆ ಯಾರಿಗೆ ಆಗಿದೆ?

ಆಸ್ತಿ ಖರೀದಿ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿಯವು: ಬ್ಯಾಂಕಿನ ‘ಲೀಗಲ್’, ಅಂದರೆ ಅವರ ವಕೀಲರ ದಾಖಲೆ ಪರಿಶೀಲನೆ, ಆಗಿದೆ, ನಮಗೆ ಬೇರೆ ವಕೀಲರು ಬೇಕೇ? ಹೋದ ವರ್ಷವೂ ಬರೆದಿದ್ದೆ, ಓದಿದವರು ಕಡಿಮೆ ಅಂತ ಕಾಣುತ್ತದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ಇ.ಸಿ. ಎಂದರೇನು, ಕ್ರಯಪತ್ರ ಎಂದರೇನು ಎಂದು ಹೇಳುತ್ತ ಕೂರುವುದಿಲ್ಲ. ಅಷ್ಟೂ ತಿಳಿಯದೆ ಮನೆ ಕೊಳ್ಳಲು ಹೊರಟಿದ್ದರೆ ಮೊದಲು ತಿಳಿದುಕೊಂಡು ಬನ್ನಿ.

ಪ್ರಶ್ನೆ: ಕೆಂಗೇರಿಯಿಂದಾಚೆ ಒಂದು ಬಡಾವಣೆಯಲ್ಲಿ 80 ಲಕ್ಷಕ್ಕೆ ಮನೆ ನೋಡಿದ್ದೇವೆ. ಅಗ್ರಿಮೆಂಟ್ ಆಗಿದೆ, 8 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇವೆ. ಬ್ಯಾಂಕಿನ ಪ್ಯಾನೆಲ್ ವಕೀಲರು ದಾಖಲೆ ನೋಡಿ ಸರಿ ಇದೆ ಎಂದಿದ್ದಾರೆ, 60 ಲಕ್ಷ ಸಾಲವೂ ಮಂಜೂರಾಗಿದೆ. ಇನ್ನೊಬ್ಬ ವಕೀಲರಿಗೆ ದುಡ್ಡು ಕೊಡುವುದು ದಂಡ ಎಂದು ಬ್ರೋಕರ್ ಹೇಳುತ್ತಾರೆ. ಬೇಕೇ ಬೇಕು ಎಂದಾದರೆ ಆ ಪ್ಯಾನೆಲ್ ವಕೀಲರನ್ನೇ ನಮ್ಮ ವಕೀಲರನ್ನಾಗಿ ಇಟ್ಟುಕೊಳ್ಳಬಹುದೇ?

ನಿಮಗೆ ವಕೀಲರು ಬೇಕಾಗಿದ್ದದ್ದು ಆ 8 ಲಕ್ಷ ಕೊಡುವ ಮುಂಚೆ. ಬ್ಯಾಂಕು ಸಾಲದ ಅರ್ಜಿಯ ಜೊತೆ ಅಗ್ರಿಮೆಂಟನ್ನೂ ಕೇಳುತ್ತದೆ. ಹಾಗಾಗಿ ಬ್ಯಾಂಕಿನ ವಕೀಲರು ಫೈಲು ತೆರೆಯುವ ಹೊತ್ತಿಗೆ ನಿಮ್ಮ ದುಡ್ಡು ಮಾರುವವರ ಜೇಬು ಸೇರಿರುತ್ತದೆ. ಹಕ್ಕಿನಲ್ಲಿ ದೋಷ ಕಂಡರೆ ಅಡ್ವಾನ್ಸ್ ವಾಪಸ್ ಎಂಬ ಷರತ್ತು ನಿಮ್ಮ ಅಗ್ರಿಮೆಂಟಿನಲ್ಲಿದೆಯೇ? ಬ್ರೋಕರ್ ಕೊಟ್ಟ ಮಾದರಿಯಲ್ಲಿ ಇದ್ದದ್ದನ್ನು ನಾನು ಕಂಡಿಲ್ಲ.

ಈಗ ಬ್ಯಾಂಕಿನ ಲೆಕ್ಕ ನೋಡಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ನಿಮ್ಮ ವಿಷಯದಲ್ಲಿ ಅವರು ಶೇ 75ಕ್ಕೇ ನಿಂತಿದ್ದಾರೆ. ಉಳಿದ 20 ಲಕ್ಷ, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎಲ್ಲ ನಿಮ್ಮ ಕೈಯಿಂದ. ನಾಳೆ ಯಾರೋ ಕೋರ್ಟಿಗೆ ಹೋಗಿ ಮನೆ ನಿಮ್ಮದಲ್ಲ ಎಂದು ತೀರ್ಪು ತಂದರೂ ಇಎಂಐ ನಿಲ್ಲುವುದಿಲ್ಲ. ಮನೆ ಕೈತಪ್ಪಿದರೂ ಬ್ಯಾಂಕಿಗೆ ನಿಮ್ಮ ಸಂಬಳ ಇದೆ. ನಿಮಗೆ ಏನಿದೆ?

ಪ್ಯಾನೆಲ್ ವಕೀಲರ ವರದಿ ಬ್ಯಾಂಕಿನ ಮ್ಯಾನೇಜರ್ ಹೆಸರಿಗೆ ಬರೆದದ್ದು. ಫೀಸು ನಿಮ್ಮ ಖಾತೆಯಿಂದಲೇ ಕಡಿತವಾದರೂ ಪ್ರತಿ ಕೇಳಿದರೆ ‘ಅದು ಇಂಟರ್ನಲ್ ಸಾರ್’ ಎನ್ನುತ್ತಾರೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಒಳ್ಳೆಯ ಕೆಲಸ ಮಾಡುವವರೂ ಇದ್ದಾರೆ. ಆದರೆ ಫೈಲಿಗಿಷ್ಟು ಎಂದು ಗೊತ್ತಾದ ಸಣ್ಣ ಫೀಸು, ನಾಲ್ಕೈದು ದಿನದ ಗಡುವು, ಕೈಯಲ್ಲಿ ಜೆರಾಕ್ಸ್ ಕಟ್ಟು. ಅದರಲ್ಲಿ ಸಾಮಾನ್ಯವಾಗಿ 30 ವರ್ಷದ, ಕೆಲವು ಕಡೆ ಬರೀ 13 ವರ್ಷದ ಇ.ಸಿ., ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ನೋಡುತ್ತಾರೆ.

30 ವರ್ಷದ ಆಚೆ ಏನಿರುತ್ತದೆ? ಬೆಂಗಳೂರಿನ ಸುತ್ತಲಿನ ಬಡಾವಣೆಗಳೆಲ್ಲ ಒಂದು ಕಾಲದಲ್ಲಿ ಹೊಲ. ಹಳೆಯ ಎಂ.ಆರ್. (ಹಕ್ಕು ಬದಲಾವಣೆಯ ವಹಿ) ಪುಟ ತೆಗೆದರೆ, ಶಾಯಿ ಹರಡಿದ ಕೈಬರಹದಲ್ಲಿ, ಹಕ್ಕು ಬಂದ ಬಗೆ ಎಂಬಲ್ಲಿ ‘ದರಖಾಸ್ತು’ ಅಂತ ಒಂದೇ ಪದ ಇರುತ್ತದೆ, ಅಂದರೆ ಅದು ಸರ್ಕಾರ ಮಂಜೂರು ಮಾಡಿದ ಜಮೀನು. ಅಲ್ಲಿ ನಾನು ಪೆನ್ನು ಕೆಳಗಿಡುತ್ತೇನೆ. ಸರ್ಕಾರ ಯಾರಿಗೆ ಮಂಜೂರು ಮಾಡಿತು, ಮಂಜೂರಾತಿಯ ಸಾಗುವಳಿ ಚೀಟಿ ಎಲ್ಲಿದೆ, ಎಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತಿತ್ತು, ಇಷ್ಟು ತಿಳಿಯದೆ ಮುಂದಿನ ಹಾಳೆ ತಿರುಗಿಸುವುದಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನು ಷರತ್ತು ಮುರಿದು, ಇಲ್ಲವೇ 1979ರ ನಂತರ ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ ಇಂಥ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟವೇ ಅಸಿಂಧು. ‘ಬಹಳ ವರ್ಷ ಆಯ್ತಲ್ಲ, ಇನ್ಯಾರು ಕೇಳ್ತಾರೆ’ ಎಂಬ ಸಮಾಧಾನಕ್ಕೂ 2023ರ ತಿದ್ದುಪಡಿ ಕಾಲಮಿತಿಯಿಲ್ಲ ಎಂದು ಉತ್ತರ ಕೊಟ್ಟಿದೆ. ಉಪವಿಭಾಗಾಧಿಕಾರಿ ಜಮೀನು ವಾಪಸ್ ಕೊಡಿಸಬಹುದು, ನಿಮ್ಮ ಮೂರು ಮಹಡಿ ಅದರ ಮೇಲಿದ್ದರೂ.

ಇನ್ನೊಂದು, ಹೆಣ್ಣುಮಕ್ಕಳ ಸಹಿ. ವಂಶವೃಕ್ಷದಲ್ಲಿ ಮೂವರು ಗಂಡುಮಕ್ಕಳ ಹೆಸರಷ್ಟೇ ಇದ್ದ ಫೈಲೊಂದು ನನ್ನ ಮೇಜಿಗೆ ಬಂದಿತ್ತು. ಮಾರುವವರನ್ನು ಕೂರಿಸಿ, ‘ಅಕ್ಕ ತಂಗಿಯರು ಎಷ್ಟು ಜನ?’ ಎಂದು ಕೇಳಿದೆ. ‘ಇಬ್ರು ಸಾರ್. ಮದ್ವೆ ಮಾಡಿ ಕೊಟ್ಟಾಯ್ತಲ್ಲ, ಅವರ‍್ದೇನೂ ಬರಲ್ಲ ಬಿಡಿ’ ಎಂದರು. ಬರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿತ್ತು ಎಂಬ ತಕರಾರನ್ನು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗಪತ್ರವೋ ಮಾರಾಟವೋ ಆಗಿದ್ದರೆ ಮಾತು ಬೇರೆ. ಆ ಫೈಲಿನಲ್ಲಿ ಆಗಿದ್ದದ್ದು 2006ರ ಪಾಲು. ಜೆರಾಕ್ಸ್ ಕಟ್ಟಿನಲ್ಲಿ ಆ ಇಬ್ಬರು ಅಕ್ಕತಂಗಿಯರು ಇರಲೇ ಇಲ್ಲ. ಇಲ್ಲದವರ ಬಗ್ಗೆ ಯಾವ ಪ್ಯಾನೆಲ್ ವಕೀಲರು ವರದಿ ಬರೆದಾರು?

ಇ.ಸಿ. ‘ನಿಲ್’ (ಯಾವ ವ್ಯವಹಾರವೂ ಇಲ್ಲ) ಬಂದಿದೆ ಎಂದು ಕುಣಿಯುವವರಿಗೂ ಒಂದು ಮಾತು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು. ನೋಂದಣಿ ಆಗದ ಅಗ್ರಿಮೆಂಟ್, ಕೋರ್ಟಿನಲ್ಲಿರುವ ದಾವೆ ಇವು ಇ.ಸಿ.ಯಲ್ಲಿ ಕಾಣುವುದಿಲ್ಲ. ಪೋಡಿಯಾಗಿ (ಜಮೀನು ಅಳೆದು ಭಾಗವಾಗಿ) ಸರ್ವೆ ನಂಬರ್ ಬದಲಾಗಿದ್ದು, ನೀವು ಹೊಸ ನಂಬರ್ ಒಂದನ್ನೇ ಕೊಟ್ಟರೆ ಹಳೆಯ ಅಡಮಾನವೂ ಕಾಣದು.

ಇನ್ನು ಆ ಪ್ಯಾನೆಲ್ ವಕೀಲರನ್ನೇ ಇಟ್ಟುಕೊಳ್ಳುವ ವಿಚಾರ. ಬೇಡ. ಒಮ್ಮೆ ಸರಿ ಇದೆ ಎಂದು ಬ್ಯಾಂಕಿಗೆ ಬರೆದುಕೊಟ್ಟವರು ನಿಮ್ಮ ಹತ್ತಿರ ಸರಿ ಇಲ್ಲ ಎನ್ನುವುದು ಹೇಗೆ? ಬೇರೆ ಯಾವುದೋ ಬ್ಯಾಂಕಿನ ಪ್ಯಾನೆಲ್‌ನಲ್ಲಿದ್ದರೆ ತಕರಾರಿಲ್ಲ, ಬ್ಯಾಂಕುಗಳು ಏನು ಕೇಳುತ್ತವೆಂಬ ಅಂದಾಜು ಅವರಿಗಿರುತ್ತದೆ. ಬಿಲ್ಡರ್, ಬ್ರೋಕರ್ ತೋರಿಸಿದವರ ಕಡೆ ಮಾತ್ರ ತಲೆ ಹಾಕಬೇಡಿ. ಆ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ನಡೆಸಿದವರನ್ನು ಹುಡುಕಿ. ಜಗಳ ನೋಡಿದವರಿಗೆ ಜಗಳ ಎಲ್ಲಿಂದ ಬರುತ್ತದೆಂದು ಗೊತ್ತಿರುತ್ತದೆ. ಅಭಿಪ್ರಾಯ ನಿಮ್ಮ ಹೆಸರಿಗೆ, ಲೆಟರ್‌ಹೆಡ್ಡಿನಲ್ಲಿ, ಯಾವ ಯಾವ ಮೂಲ ದಾಖಲೆ ಕಣ್ಣಾರೆ ನೋಡಿದರು ಎಂಬ ವಿವರದೊಂದಿಗೆ ಬರಲಿ. ‘ಆಲ್ ಕ್ಲಿಯರ್’ ಎಂಬ ವಾಟ್ಸಾಪ್ ಸಂದೇಶಕ್ಕೆ ಫೀಸು ಕೊಡಬೇಡಿ. ನಾನಂತೂ ಖರೀದಿಗೆ ಮುಂಚೆ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸದೆ ಸಹಿ ಹಾಕುವುದಿಲ್ಲ. ಮಾರುವವರು ಅದಕ್ಕೆ ಸಿಡಿಮಿಡಿಗೊಂಡರೆ ನನ್ನ ಅನುಮಾನ ಹೆಚ್ಚಾಗುತ್ತದೆ.

ನಿಮಗೆ ಈಗ ಉಳಿದಿರುವ ದಾರಿ, ನೋಂದಣಿ ದಿನ ಮುಂದೂಡಿ ಈ ಕೆಲಸ ಮುಗಿಸುವುದು. ಬ್ರೋಕರ್ ಕೂಗಾಡುತ್ತಾರೆ. ಕಮಿಷನ್ ಸಿಗುವುದು ನೋಂದಣಿ ಆದ ಮೇಲೆ, ಅದಕ್ಕೆ.

ಪ್ರಶ್ನೆ: ಪ್ಯಾನೆಲ್ ವಕೀಲರ ತಪ್ಪಿನಿಂದ ನಷ್ಟವಾದರೆ ಗ್ರಾಹಕರ ವೇದಿಕೆಗೆ ಹೋಗಬಹುದೇ?

ಇಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಿತೂರಿಯಲ್ಲಿ ಭಾಗಿ ಎಂಬುದಕ್ಕೆ ಸಾಕ್ಷ್ಯವಿಲ್ಲದೆ, ಬರೀ ತಪ್ಪು ಅಭಿಪ್ರಾಯ ಕೊಟ್ಟರೆಂದು ಪ್ಯಾನೆಲ್ ವಕೀಲರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಲಾಗದು ಎಂದು 2012ರಲ್ಲೇ ಹೇಳಿತ್ತು. ನಿಮ್ಮ ಸ್ವಂತ ವಕೀಲರಿಗೂ ಗ್ರಾಹಕ ವೇದಿಕೆ ಅನ್ವಯಿಸದು. ಆಗ ಉಳಿಯುವುದು ಸಿವಿಲ್ ದಾವೆ, ವಕೀಲರ ಪರಿಷತ್ತಿಗೆ ದೂರು. ಆದ್ದರಿಂದ ಆರಿಸುವಾಗಲೇ ಹುಷಾರು.

ಪ್ರಶ್ನೆ: ಜಿಪಿಎ (ಅಧಿಕಾರ ಪತ್ರ) ಮೇಲೆ ಸೈಟು ಅರ್ಧ ಬೆಲೆಗೆ ಸಿಗುತ್ತಿದೆ, ತೆಗೆದುಕೊಳ್ಳಲೇ?

ಬೇಡ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದ ಸುಪ್ರೀಂ ಕೋರ್ಟಿನ 2011ರ ಸೂರಜ್ ಲ್ಯಾಂಪ್ ತೀರ್ಪಿನ ನಂತರವೂ ಇದನ್ನು ಕೇಳುತ್ತಾರಲ್ಲ!

ಪ್ರಶ್ನೆ: ಖಾತಾ ಅವರ ಹೆಸರಲ್ಲೇ ಇದೆ, ತೆರಿಗೆ ಕಟ್ಟಿದ್ದಾರೆ. ಸಾಲದೇ?

ಖಾತಾ ತೆರಿಗೆ ವಸೂಲಿಗೆ. ಒಡೆತನದ ಪತ್ರವಲ್ಲ.

ಪ್ರಶ್ನೆ: ಮಾರುವವರ ವಕೀಲರೇ ಎರಡೂ ಕಡೆ ನೋಡಿಕೊಂಡರೆ ಖರ್ಚು ಉಳಿಯುತ್ತದಲ್ಲವೇ?

ಉಳಿಯುತ್ತದೆ, ಅವರಿಗೆ.

ಪ್ರಶ್ನೆ: ನಾನು ಮಾರುವವನು. ಸಾಲ ತೀರಿಸಿ ಎರಡು ತಿಂಗಳಾಯಿತು, ಬ್ಯಾಂಕು ಮೂಲ ಪತ್ರ ಕೊಡುತ್ತಿಲ್ಲ. ಕೊಳ್ಳುವವರ ವಕೀಲರು ಜೆರಾಕ್ಸ್ ಒಪ್ಪುತ್ತಿಲ್ಲ.

ಆ ವಕೀಲರು ಸರಿಯಾಗಿಯೇ ಹೇಳಿದ್ದಾರೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಡಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಶಾಖೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಿರಿ. ಪತ್ರ ಕೈಗೆ ಬರುವವರೆಗೆ ನೋಂದಣಿಗೆ ದಿನ ಗೊತ್ತು ಮಾಡಬೇಡಿ.