ಮೀಟಿಂಗಿನಲ್ಲಿ ಪರಿಚಯದವರೇ ಸಿಕ್ಕರೆ?

ಪ್ರಶ್ನೆ: ನನಗೆ 41 ವರ್ಷ. ಕಾರವಾರದಲ್ಲಿ ಮೀನಿನ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತೇನೆ. ಕುಡಿತ ಬಿಟ್ಟು ಮೂರು ತಿಂಗಳಾಯಿತು. ಡಾಕ್ಟರು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು) ಮೀಟಿಂಗಿಗೆ ಹೋಗಿ ಅಂದರು. ಇಲ್ಲಿ ಬೇಡ ಅಂತ ಬೇರೆ ಊರಿಗೆ ಹೋದೆ, ಸ್ಕೂಟರನ್ನು ಎರಡು ಬೀದಿ ಆಚೆ ನಿಲ್ಲಿಸಿ ಒಳಗೆ ಕಾಲಿಟ್ಟರೆ ಎದುರಿಗೇ ನನ್ನ ಗಿರಾಕಿಯೊಬ್ಬರು! ಮತ್ತೆ ಹೋಗಲಿಲ್ಲ. ದೇವರ ಮಾತೂ ಜಾಸ್ತಿ ಅನಿಸಿತು. ಜೂನ್‌ನಲ್ಲಿ ಬೋಟೆಲ್ಲ ದಡಕ್ಕೆ ಬಂದರೆ ಸಂಜೆ ಎಲ್ಲರೂ ಸೇರಿ ಕುಡಿಯುತ್ತಾರೆ, ಅದೇ ಹೆದರಿಕೆ. ನನಗೆ ಸರಿಹೊಂದುವ ಮೀಟಿಂಗ್ ಹುಡುಕುವುದು ಹೇಗೆ?
— ಹೆಸರು ಬೇಡ, ಕಾರವಾರ

ಉತ್ತರ: ಮೊದಲು ಆ ಗಿರಾಕಿಯ ವಿಷಯ ಮುಗಿಸೋಣ. ಅವರೂ ತಮ್ಮ ಊರು ಬಿಟ್ಟು ಅಲ್ಲಿಗೆ ಬಂದದ್ದು ಯಾಕೆ ಹೇಳಿ? ನಿಮ್ಮನ್ನು ನೋಡಿ ಅವರ ಎದೆಯೂ ಧಸಕ್ ಅಂದಿರುತ್ತದೆ. ನಿಮ್ಮ ಗುಟ್ಟು ಅವರ ಹತ್ತಿರ, ಅವರ ಗುಟ್ಟು ನಿಮ್ಮ ಹತ್ತಿರ. ಅಲ್ಲಿ ಕಂಡವರ ಹೆಸರು, ಕೇಳಿದ ಮಾತು ಹೊರಗೆ ಹೋಗಬಾರದು ಅನ್ನುವುದು ಎಎಯಲ್ಲಿ ಎಲ್ಲರಿಗೂ ಗೊತ್ತಿರುವ ಕಟ್ಟುಪಾಡು. ಯಾರೂ ಎಂದೂ ಮುರಿಯುವುದಿಲ್ಲ ಅಂತ ನಾನು ಆಣೆ ಮಾಡಲಾರೆ. ಆದರೆ ಒಂದು ಮಾತು, ನೀವು ಕುಡಿಯುತ್ತಿದ್ದದ್ದು ಬಂದರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ?

ಈಗ ಹುಡುಕುವ ವಿಷಯ. ಎಲ್ಲರೂ ಹತ್ತಿರ ಯಾವುದಿದೆ ಅಂತ ನೋಡುತ್ತಾರೆ. ನಾನಾದರೆ ಹೊತ್ತು ನೋಡಿ ಅನ್ನುತ್ತೇನೆ. ನೀವು ಮೊದಲ ಗ್ಲಾಸ್ ಹಿಡಿಯುತ್ತಿದ್ದದ್ದು ಎಷ್ಟು ಗಂಟೆಗೆ? ಏಳಕ್ಕಾದರೆ ಏಳಕ್ಕೆ ನಡೆಯುವ ಮೀಟಿಂಗೇ ನಿಮ್ಮದು. ಭಾನುವಾರ ಬೆಳಿಗ್ಗೆ ಎಷ್ಟೇ ಚೆಂದದ ಮೀಟಿಂಗ್ ನಡೆದರೂ ಶನಿವಾರ ಸಂಜೆ ಅದು ನಿಮ್ಮ ಕೈ ಹಿಡಿಯುವುದಿಲ್ಲ, ಅಲ್ವಾ? ಹಾಗೇ ಮನೆಯಲ್ಲಿ ಸುಳ್ಳು ಹೇಳದೆ ಹೋಗಿ ಬರುವಂತಿರಬೇಕು. ಮಳೆಗಾಲದಲ್ಲಿ ಕೊನೇ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ಒಬ್ಬರೇ ಕೂರುವ ಹಾಗೂ ಆಗಬಾರದು. ಎದುರಿಗೆ ಬಾರಿನ ಬೋರ್ಡು ಮಿನುಗುತ್ತಿರುತ್ತದೆ.

ಗೋವಾ ಕಡೆ ಗುಂಪುಗಳು ಜಾಸ್ತಿ ಇವೆ. ಗುರುತು ಸಿಗುವವರೂ ಕಡಿಮೆ. ಆದರೆ ಮಾಜಾಳಿ ದಾಟಿದ ಕೂಡಲೇ ಪೋಳೆಂನ ಹೆಂಡದಂಗಡಿ ಸಾಲು ಇದೆಯಲ್ಲ! ಮೂರೇ ತಿಂಗಳಾಗಿರುವಾಗ ಒಬ್ಬರೇ ಸ್ಕೂಟರಿನಲ್ಲಿ ಆ ದಾರಿ ಬೇಡ. ಹೋಗಲೇಬೇಕು ಅಂದರೆ ಜೊತೆಗೊಬ್ಬರಿರಲಿ.

ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಗುಂಪುಗಳ ಪಟ್ಟಿ, ಫೋನ್ ನಂಬರ್ ಸಿಗುತ್ತದೆ. ಪಟ್ಟಿ ನಂಬಿ ಸುಮ್ನೆ ಹೊರಡಬೇಡಿ, ಸಣ್ಣ ಊರುಗಳಲ್ಲಿ ಜಾಗ, ಸಮಯ ಬದಲಾಗುತ್ತಲೇ ಇರುತ್ತದೆ, ಕೆಲವು ಗುಂಪು ನಿಂತೇ ಹೋಗಿರುತ್ತದೆ. ಫೋನ್ ಮಾಡಿ ಕೇಳಿ: ಈ ವಾರ ನಡೆಯುತ್ತದಾ, ಮಾತು ಕನ್ನಡದಲ್ಲಾ ಕೊಂಕಣಿಯಲ್ಲಾ, ಓಪನ್ನಾ ಕ್ಲೋಸ್ಡಾ? ಓಪನ್ ಅಂದರೆ ಮನೆಯವರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಮಾತ್ರ. ನಿಮಗೆ ಕ್ಲೋಸ್ಡ್ ಒಳ್ಳೆಯದು. ಸೇರಲು ಫೀಸಿಲ್ಲ. ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಕೊನೆಗೆ ಹಣದ ಚೀಲ ಬಂದರೆ ಹೊಸಬರು ಹಾಗೇ ಪಕ್ಕದವರಿಗೆ ದಾಟಿಸಬಹುದು. ‘ಇವತ್ತು ಕೇಳ್ತೇನೆ ಅಷ್ಟೇ’ ಅಂದರೂ ನಡೆಯುತ್ತದೆ.

ದೇವರ ಮಾತು ನಿಜ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಇಬ್ಬರು ಕುಡುಕರು, ಒಬ್ಬ ಶೇರು ದಲ್ಲಾಳಿ ಮತ್ತೊಬ್ಬ ಡಾಕ್ಟರು, ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು ಇದು. ಆಮೇಲೆ ಬರೆದ, ಕುಡಿತದಿಂದ ಹೊರಬರುವ ದಾರಿಯ 12 ಮೆಟ್ಟಿಲುಗಳಲ್ಲಿ ದೇವರು ಬರುತ್ತಾನೆ. ಆದರೆ ಅದರ ಜೊತೆಗೇ ‘ನಾವು ಅರಿತುಕೊಂಡಂತೆ’ ಅನ್ನುವ ಮಾತೂ ಇದೆ. ದೇವರನ್ನು ನಂಬದವರು ಆ ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಅಂದುಕೊಳ್ಳುತ್ತಾರೆ. ಗುಂಪಿನಿಂದ ಗುಂಪಿಗೆ ಪ್ರಾರ್ಥನೆಯ ಪ್ರಮಾಣವೂ ಬೇರೆ. ಒಂದೇ ಸಲ ಹೋಗಿ ತೀರ್ಮಾನ ಮಾಡಬೇಡಿ, ಐದಾರು ಸಲ ಹೋಗಿ, ಆಗುವುದಾದರೆ ಎರಡು ಬೇರೆ ಗುಂಪಿಗೆ. ಏನೂ ಆಗದಿದ್ದರೆ ಸ್ಮಾರ್ಟ್ ರಿಕವರಿ ಅನ್ನುವ ಇಂಥದ್ದೇ ಇನ್ನೊಂದು ಸಂಸ್ಥೆ ಇದೆ, ಅಲ್ಲಿ ದೇವರ ಮಾತಿಲ್ಲ, ಆನ್‌ಲೈನ್ ಮೀಟಿಂಗೂ ಇವೆ. ಅವು ಹೆಚ್ಚಿನವು ಇಂಗ್ಲಿಷಿನಲ್ಲಿ.

ಪೂರ್ತಿ ಕನ್ನಡದಲ್ಲೇ ಬೇಕಾದರೆ ಇನ್ನೊಂದು ದಾರಿ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ. ಶಿಬಿರ ಮುಗಿಸಿದವರು ಊರೂರಲ್ಲಿ ನವಜೀವನ ಸಮಿತಿ ಅಂತ ಸೇರುತ್ತಾರೆ. ಭಜನೆ ಅಲ್ಲೂ ಇದೆ, ಮೊದಲೇ ಹೇಳಿಬಿಡುತ್ತೇನೆ!

ಜೂನ್ 1ರಿಂದ ಜುಲೈ 31, ಮೀನುಗಾರಿಕೆ ನಿಷೇಧದ 61 ದಿನ. ‘90 ದಿನಕ್ಕೆ 90 ಮೀಟಿಂಗ್’ ಅನ್ನುವ ರೂಢಿ ಎಎಯಲ್ಲಿದೆ. ನಮ್ಮ ಕಡೆ ಅಷ್ಟು ಮೀಟಿಂಗ್ ಎಲ್ಲಿಂದ ತರುವುದು! ವಾರಕ್ಕೊಂದು ಎದುರಾಬದುರು, ಉಳಿದ ದಿನ ಸಂಜೆ ಫೋನಿನಲ್ಲಿ ಆನ್‌ಲೈನ್ ಮೀಟಿಂಗ್. ಕ್ಯಾಮೆರಾ ಬೇಕಾದರೆ ಆಫ್ ಇಡಿ. ಮೇ ಮುಗಿಯುವ ಮೊದಲೇ ಸ್ಪಾನ್ಸರ್ ಒಬ್ಬರನ್ನು ಹಿಡಿದುಕೊಳ್ಳಿ, ಅಂದರೆ ಬಿಟ್ಟು ವರ್ಷಗಳಾದ, ಆಸೆ ಬಂದಾಗ ನೀವು ಫೋನ್ ಮಾಡಬಹುದಾದ ಹಳಬರು. ಯಾರಿಗೆ ಗೊತ್ತು, ಆ ಗಿರಾಕಿಯೇ ಆಗಬಹುದು.

ಇನ್ನೂ ದಿನಾ ಕುಡಿಯುತ್ತಿರುವವರಿಗೆ ಒಂದು ಮಾತು. ಮೀಟಿಂಗ್ ಔಷಧಿಯಲ್ಲ. ಒಮ್ಮೆಲೇ ನಿಲ್ಲಿಸಿದರೆ ಮೊದಲ ಮೂರ್ನಾಲ್ಕು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಮೊದಲು ಡಾಕ್ಟರು, ಆಮೇಲೆ ಮೀಟಿಂಗ್. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಸ್ಕೂಟರ್ ಬೇಕಾದರೆ ಇನ್ನೂ ಸ್ವಲ್ಪ ದಿನ ಎರಡು ಬೀದಿ ಆಚೆಯೇ ನಿಲ್ಲಿಸಿ, ಅದಕ್ಕೇನು.